ಮಟ್ಟು ಖಾಲಿಯಾಗುವ ಹೊತ್ತು

ಕಾಪುವಿನ ಮದುವೆ ಮಂಟಪದಲ್ಲಿ ಎರಡನೇ ಸಲ ಅನ್ನ ಬಡಿಸುವಾಗ ಧರ್ಮಪಾಲ ಎದುರು ಸಾಲಿನಿಂದ ಲಕ್ಷಿತನನ್ನು ನೋಡಿ, ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿದ: "ನಿನ್ನ ಅಪ್ಪ ಆವತ್ತು ಕುಡಿಯದೆ ಇದ್ದಿದ್ದರೆ ನನಗೆ ಈಗ ಐದು ಬೋಟು ಇರುತ್ತಿತ್ತು ಮಾರಾಯ. ಇರಲಿ ಬಿಡು, ಮಗನಾದರೂ ಓದಿ ದಾರಿಗೆ ಬಂದೆ ಅಲ್ವಾ." ಸಾಲಿನಲ್ಲಿದ್ದವರು ನಕ್ಕರು. ಸಾರಿನ ಬಕೆಟ್ ಹಿಡಿದಿದ್ದವನೂ ನಕ್ಕ. ಆಚೆ ಹೆಂಗಸರ ಸಾಲಿನಲ್ಲಿ ಕೂತಿದ್ದ ಲಕ್ಷಿತನ ತಾಯಿ ಕಮಲ ತಲೆ ತಗ್ಗಿಸಿ ಎಲೆ ಮಡಚಿಬಿಟ್ಟರು. ಇನ್ನೂ ಪಾಯಸ ಬಂದಿರಲಿಲ್ಲ.

ಕುಡಿದಿದ್ದನಂತೆ! ಕಳ್ಳಿನ ವಾಸನೆ ಬಂದರೆ ರಸ್ತೆಯ ಆ ಬದಿಗೆ ದಾಟುತ್ತಿದ್ದ ಮನುಷ್ಯ ಅವರು. ಲಕ್ಷಿತನ ಅಪ್ಪ ಸದಿಯ ಮೆಂಡನ್ ಎಂದರೆ ಮಲ್ಪೆಯಲ್ಲಿ ಹೆಸರಿದ್ದ ತಂಡೇಲ. ಬೋಟು ನಡೆಸಲು ಕೂತರೆಂದರೆ ಉಳಿದವರು ನಿಶ್ಚಿಂತೆಯಿಂದ ಮಲಗುತ್ತಿದ್ದರು. ಚುಕ್ಕಾಣಿಯ ಸರಪಳಿ ಸವೆದಿದೆ, ಬದಲಿಸಿ ಎಂದು ಅವರು ಧರ್ಮಪಾಲನಿಗೆ ಮೂರು ಸಲ ಹೇಳಿದ್ದರು. "ಈ ಸೀಸನ್ ಒಂದು ಕಳೆಯಲಿ" ಎಂದು ಮೂರು ಸಲವೂ ಉತ್ತರ ಬಂದಿತ್ತು. ಒಂಬತ್ತು ವರ್ಷದ ಹಿಂದೆ ಕಾಪು ದೀಪಸ್ತಂಭದ ಎದುರು ಆ ಸರಪಳಿ ತುಂಡಾಯಿತು, ಬೋಟು ಬಂಡೆಗೆ ಬಡಿಯಿತು, ಬೋಟಿನಲ್ಲಿ ದುಡಿಯುತ್ತಿದ್ದ ಒಬ್ಬ ಕಲಾಸಿಯ ಕಾಲು ಹೋಯಿತು. ಸರಪಳಿಯ ಮಾತು ಎದ್ದರೆ ತಪ್ಪು ತನ್ನ ತಲೆಗೆ ಬರುತ್ತದೆಂದು ಧರ್ಮಪಾಲನಿಗೆ ಗೊತ್ತಿತ್ತು. ದಡದಲ್ಲಿ ಸೇರಿದ್ದವರ ಮುಂದೆ "ತಂಡೇಲ ಕುಡಿದಿದ್ದ" ಎಂದುಬಿಟ್ಟ. ಅಷ್ಟೇ ಸಾಕಾಯಿತು. ಮತ್ತೆ ಯಾರೂ ಸದಿಯ ಮೆಂಡನ್ನರ ಕೈಗೆ ಬೋಟು ಕೊಡಲಿಲ್ಲ. ನಾಲ್ಕು ವರ್ಷ ಬೇರೆಯವರ ಹರಿದ ಬಲೆ ಹೆಣೆದರು, ಒಂದು ದಿನ ಬಲೆಯ ರಾಶಿಗೆ ಒರಗಿದವರು ಮತ್ತೆ ಏಳಲಿಲ್ಲ.

ಲಕ್ಷಿತ ಅವತ್ತು ಊಟ ಬಿಟ್ಟು ಏಳಲಿಲ್ಲ. ಪಾಯಸವನ್ನೂ ಉಂಡ. ಕೈ ತೊಳೆದು ನೇರ ಧರ್ಮಪಾಲನ ಹತ್ತಿರ ಹೋಗಿ ನಗುತ್ತಲೇ ಕೇಳಿದ: "ಹೊಸ ಬೋಟು ಕಟ್ಟಿಸುತ್ತಾ ಇದ್ದೀರಂತೆ ಧರ್ಮಣ್ಣ, ಎಲ್ಲಿಗೆ ಬಂತು?"

"ಮಟ್ಟುವಿನಲ್ಲಿ ಉಂಟು, ಹೊಳೆಯ ಬದಿಯಲ್ಲಿ. ಏಪ್ರಿಲಿನಲ್ಲಿ, ಬಿಸು ಹಬ್ಬದ ದಿನ ನೀರಿಗೆ ಇಳಿಸುವುದು. ನೀನೂ ಬಾ."

"ಖಂಡಿತ ಬರುತ್ತೇನೆ," ಎಂದ ಲಕ್ಷಿತ. ಹಬ್ಬಕ್ಕಿಂತ ಮೊದಲೇ ಬರುತ್ತೇನೆ ಎಂದು ಮನಸ್ಸಿನಲ್ಲಿ ಸೇರಿಸಿಕೊಂಡ.

ಮನುಷ್ಯನಿಗೆ ಹೊಡೆಯುವ ಯೋಚನೆ ಅವನಿಗೆ ಬರಲೇ ಇಲ್ಲ. ಧರ್ಮಪಾಲನ ಜೀವ ಇದ್ದದ್ದು ಬೋಟಿನಲ್ಲಿ. ಅದನ್ನು ನೀರು ಮುಟ್ಟುವ ಮೊದಲು ಬೂದಿ ಮಾಡಬೇಕು, ಬೂದಿಯ ಮುಂದೆ ಅವನು ನಿಲ್ಲಬೇಕು, ನಾಲ್ಕು ಜನ ನೋಡಬೇಕು. ಅಪ್ಪ ದಡದಲ್ಲಿ ನಿಂತಿದ್ದ ಹಾಗೆಯೇ. ಇದನ್ನು ಯೋಚಿಸುವಾಗ ಲಕ್ಷಿತನಿಗೆ ವರ್ಷಗಳಿಂದ ಹಿಡಿದುಕೊಂಡಿದ್ದ ಎದೆ ಸ್ವಲ್ಪ ಸಡಿಲವಾದಂತಾಯಿತು.

ಇಂಥ ಕೆಲಸಕ್ಕೆ ಇಡೀ ಜಿಲ್ಲೆಯಲ್ಲಿ ಅವನಷ್ಟು ತಯಾರಿದ್ದವರು ಬೇರೆ ಯಾರೂ ಇರಲಿಲ್ಲ. ಮಣಿಪಾಲದ ಒಂದು ಸಂಶೋಧನಾ ಕೇಂದ್ರದಲ್ಲಿ ನಾಲ್ಕು ವರ್ಷದಿಂದ ಅವನ ಕೆಲಸ ಒಂದೇ: ವರ್ಷದ ಯಾವ ಹೊತ್ತಿನಲ್ಲಿ ಜನ ಎಲ್ಲಿಂದ ಎಲ್ಲಿಗೆ ಹೋಗುತ್ತಾರೆಂದು ಮೊಬೈಲ್ ಟವರುಗಳ ಲೆಕ್ಕದಿಂದ ಹೇಳುವುದು. ಕಂಪನಿ ಕೊಡುವ ಮಾಹಿತಿಯಲ್ಲಿ ಹೆಸರಿಲ್ಲ, ನಂಬರಿಲ್ಲ. ಒಂದು ಫೋನಿಗೆ ಒಂದು ಚುಕ್ಕಿ. ಜೂನ್ ತಿಂಗಳಲ್ಲಿ ಬೋಟುಗಳು ದಡ ಸೇರಿದೊಡನೆ ಮಲ್ಪೆಯ ಚುಕ್ಕಿಗಳು ಚದುರುತ್ತವೆ. ಮೊದಲ ಮಳೆ ಬಿದ್ದರೆ ಕಾರ್ಕಳದ ಕಲ್ಲುಕೋರೆಯ ಚುಕ್ಕಿಗಳು ಬಿತ್ತನೆಗೆಂದು ಬಾದಾಮಿ, ಕುಷ್ಟಗಿ ಕಡೆ ಏರುತ್ತವೆ. ಪರೀಕ್ಷೆ ಮುಗಿದ ವಾರ ಮಣಿಪಾಲ ಅರ್ಧ ಬರಿದಾಗುತ್ತದೆ. ಎಲ್ಲಿ ಲಸಿಕೆ ಹಾಕಬೇಕು, ಎಲ್ಲಿಗೆ ಎಷ್ಟು ಅಕ್ಕಿ ಕಳಿಸಬೇಕು ಎಂದು ಅಧಿಕಾರಿಗಳು ಇವನ ನಕ್ಷೆ ನೋಡಿ ತೀರ್ಮಾನಿಸುತ್ತಿದ್ದರು. ಅವರ ಮುಂದೆ ಅವನು ಪ್ರತಿ ಸಲ ಹೇಳುವ ಮಾತೊಂದಿತ್ತು: "ಜನರನ್ನು ಕೇಳಿದರೆ ಸುಳ್ಳು ಹೇಳುತ್ತಾರೆ ಸರ್, ಫೋನು ಹೇಳುವುದಿಲ್ಲ."

ಮಟ್ಟುವಿನ ನಕ್ಷೆಯನ್ನು ಅವನು ಒಂದು ಶನಿವಾರ ತೆರೆದು ಕೂತ. ಸಮುದ್ರಕ್ಕೂ ಹೊಳೆಗೂ ನಡುವೆ ಉದ್ದಕ್ಕೆ ಚಾಚಿದ ಊರು. ಹಗಲೂ ರಾತ್ರಿ ಯಾರಾದರೊಬ್ಬರ ಕಣ್ಣು ಇದ್ದೇ ಇರುತ್ತದೆ. ವರ್ಷದ ಮುನ್ನೂರ ಅರವತ್ತೈದು ದಿನವನ್ನೂ ಓಡಿಸಿ ನೋಡಿದ. ಒಂದೇ ಒಂದು ದಿನ ಊರು ಬರಿದಾಗುತ್ತಿತ್ತು. ಮಾರ್ಚ್ ತಿಂಗಳಲ್ಲಿ, ಕಾಪುವಿನ ಸುಗ್ಗಿ ಮಾರಿಪೂಜೆಯ ಬುಧವಾರ. ಬೆಳಿಗ್ಗೆ ಹತ್ತರಿಂದ ಚುಕ್ಕಿಗಳು ದಕ್ಷಿಣಕ್ಕೆ ಸರಿಯಲು ಶುರು. ಹನ್ನೊಂದೂವರೆಯಿಂದ ಒಂದೂವರೆಯ ತನಕ ಹೊಳೆಬದಿಯಲ್ಲಿ ಒಂದು ಚುಕ್ಕಿಯೂ ಇಲ್ಲ. ಹೋದ ವರ್ಷವೂ ಹಾಗೆ, ಅದರ ಹಿಂದಿನ ವರ್ಷವೂ ಹಾಗೆ. ಕತ್ತಲೆಗಾಗಿ ಕಾಯುವ ಕಳ್ಳರ ಬುದ್ಧಿಗೆ ಅವನಿಗೆ ನಗು ಬಂತು.

ಬೋಟು ಕಟ್ಟುವ ಶೆಡ್ಡಿನ ಜಾಗದಲ್ಲಿ ಮಾತ್ರ ಒಂದು ಚುಕ್ಕಿ ವರ್ಷಪೂರ್ತಿ ಅಲ್ಲಾಡದೆ ಕೂತಿರುತ್ತಿತ್ತು. ಆ ಬುಧವಾರ ಅದೂ ಹನ್ನೊಂದಕ್ಕೆ ಎದ್ದು ಕಾಪುವಿಗೆ ಹೋಗಿ ಮೂರಕ್ಕೆ ಮರಳುತ್ತಿತ್ತು. ಯಂತ್ರಕ್ಕೆ ಅದರ ಹೆಸರು ಗೊತ್ತಿರಲಿಲ್ಲ. ಲಕ್ಷಿತ ಒಂದು ಸಮೀಕ್ಷೆಯ ಫಾರಂ ಹಿಡಿದು ಹೋಗಿ ಹೆಸರು ತಿಳಿದುಕೊಂಡ: ಮಲಕಪ್ಪ, ಬಾದಾಮಿ ಕಡೆಯವನು, ಶೆಡ್ಡಿನ ಕಾವಲುಗಾರ. ಹೆಂಡತಿ ಯಂಕವ್ವ ಬೋಟಿನ ಮಗ್ಗುಲಲ್ಲೇ ಟಾರ್ಪಾಲಿನ ಕೆಳಗೆ ಸ್ಟವ್ ಹಚ್ಚಿ ಚಹಾ ಮಾಡಿಕೊಟ್ಟಳು. ಪಕ್ಕದಲ್ಲಿ ಬಣ್ಣದ ಡಬ್ಬಗಳು, ರಾಳದ ಪೀಪಾಯಿಗಳು. ಲಕ್ಷಿತ ಚಹಾ ಹೊಗಳುತ್ತಾ ಅದನ್ನೆಲ್ಲ ನೋಡಿಕೊಂಡ.

"ಮಾರಿಪೂಜೆಗೆ ಹೋಗುತ್ತೀರಾ?"

"ಹೋಗದ ಹೆಂಗ ಇರೂದ್ರೀ ಸರ," ಎಂದ ಮಲಕಪ್ಪ. "ನಮ್ಮೂರಾಗ ದ್ಯಾಮವ್ವ, ಇಲ್ಲಿ ಮಾರಿಯಮ್ಮ. ಎಲ್ಲಾ ಒಬ್ಬಾಕಿನ. ಬುಧವಾರ ಅಡಗಿ ಮುಗಿಸಿ ಇಬ್ಬರೂ ಹೋಗಿ ಬರ್ತೀವ್ರಿ."

ಬೆಂಕಿಗೆ ಒಂದು ಕಾರಣ ಬೇಕಲ್ಲ, ಅದೂ ಸಿಕ್ಕಿತು. ಆರಿಸದೆ ಬಿಟ್ಟ ಸ್ಟವ್. ಕಾವಲುಗಾರನಿಗೆ ನಾಲ್ಕು ಬೈಗುಳ ಬೀಳಬಹುದು, ಕೆಲಸ ಹೋಗಬಹುದು. ಅವನು ಊರಿಗೆ ಹೋಗುತ್ತಾನೆ, ಅಷ್ಟೇ. ನಕ್ಷೆಯಲ್ಲಿ ಒಂದು ಚುಕ್ಕಿ ಮಟ್ಟುವಿನಿಂದ ಬಾದಾಮಿಗೆ ಸರಿಯುತ್ತದೆ. ವರ್ಷಕ್ಕೆ ಇಪ್ಪತ್ತು ಸಾವಿರ ಚುಕ್ಕಿಗಳು ಹಾಗೆ ಸರಿಯುತ್ತವೆ, ಇದೊಂದು ಹೆಚ್ಚಾಯಿತೆ ಎಂದುಕೊಂಡ.

ಉಳಿದದ್ದು ಅವನ ಸ್ವಂತ ಚುಕ್ಕಿ. ಪೊಲೀಸರು ಮೊದಲು ಹುಡುಕುವುದು ಅದನ್ನೇ. ಫೋನನ್ನು ಮನೆಯಲ್ಲಿ ಬಿಟ್ಟು ಹೋಗುವುದು ದಡ್ಡರ ಉಪಾಯ. ಇಡೀ ದಿನ ಕದಲದ ಫೋನು ಬಿಟ್ಟುಹೋದ ಫೋನು ಎಂದು ಅವನೇ ಒಂದು ಲೇಖನದಲ್ಲಿ ಬರೆದಿದ್ದ. ಆರಿಸಿಡುವುದು ಇನ್ನೂ ದಡ್ಡತನ. ಬದುಕಿರುವವನ ಫೋನು ಓಡಾಡುತ್ತದೆ. ಹಾಗಾಗಿ ಅವನ ಫೋನು ಅವತ್ತು ಕಾರ್ಕಳಕ್ಕೆ ಹೋಗಬೇಕು, ಅವನಿಲ್ಲದೆ.

ಅದಕ್ಕೆ ಕಾರಣ ಮೊದಲೇ ಸಿದ್ಧವಿತ್ತು. ಕೆಲವು ತಿಂಗಳಿಂದ ಪ್ರತಿ ಬುಧವಾರ ಅವನು ಬಸ್ಸಿನಲ್ಲಿ ಕಾರ್ಕಳದ ಕಲ್ಲುಕೋರೆಗೆ ಹೋಗುತ್ತಿದ್ದ. ಅಲ್ಲಿಯ ಕಾರ್ಮಿಕರ ಕಾಲನಿಯಲ್ಲಿ ರಾಜಶ್ರೀ ಎಂಬ ಹುಡುಗಿ ಮನೆಮನೆ ಎಣಿಸುವ ಕೆಲಸ ಮಾಡುತ್ತಿದ್ದಳು; ಅವಳೂ ಆ ಕಾರ್ಮಿಕರ ಹಾಗೆ ಬಾದಾಮಿ ಕಡೆಯಿಂದ ಬಂದವಳು, ಜನ ಅವಳಿಗೆ ಬಾಗಿಲು ತೆರೆಯುತ್ತಿದ್ದರು. ಐದು ಮನೆ ಮುಗಿದರೆ ಲಕ್ಷಿತನಿಗೆ ಒಂದು ಮಿಸ್ಡ್ ಕಾಲ್ ಕೊಡುವುದು ಅವರ ಪದ್ಧತಿ. ಅವನು ಎತ್ತುವುದಿಲ್ಲ, ಎಣಿಸಿಕೊಳ್ಳುತ್ತಾನೆ. ಅವನು ಎತ್ತದಿದ್ದರೂ ಆ ಹೊತ್ತಿಗೆ ಫೋನು ಯಾವ ಟವರಿನ ಕೆಳಗಿತ್ತೆಂದು ಕಂಪನಿಯ ಪುಸ್ತಕದಲ್ಲಿ ಅಚ್ಚಾಗುತ್ತದೆ. ಒಂದೊಂದು ಮಿಸ್ಡ್ ಕಾಲೂ ಒಂದೊಂದು ಸಾಕ್ಷಿ, ಸಾಕ್ಷಿ ಹೇಳುವವಳಿಗೇ ಗೊತ್ತಿಲ್ಲದೆ.

ಫೋನನ್ನು ಕೊಂಡೊಯ್ಯಲು ಬಸ್ಸು ಉಂಟಲ್ಲ. ಈ ಜಿಲ್ಲೆಯಲ್ಲಿ ಮಲ್ಲಿಗೆ ಹೂವಿನಿಂದ ಹಿಡಿದು ಮದುವೆ ಕಾಗದದ ತನಕ ಕಂಡಕ್ಟರನ ಕೈಯಲ್ಲಿ ಕೊಟ್ಟರೆ ತಲುಪುತ್ತದೆ. ಒಳಗೆ ಎಂತ ಉಂಟೆಂದು ಯಾರೂ ಕೇಳುವುದಿಲ್ಲ. ಉಡುಪಿಯಿಂದ ಒಂಬತ್ತೂ ಐವತ್ತಕ್ಕೆ ಹೊರಡುವ ಕಾರ್ಕಳ ಬಸ್ಸು, ಕಂಡಕ್ಟರ್ ರೊಸಾರಿಯೊ, ಕಾರ್ಕಳ ಸ್ಟ್ಯಾಂಡಿನ ಬೀಡಾ ಅಂಗಡಿಯಲ್ಲಿ ಇಳಿಸುವ ಪೊಟ್ಟಣ. ಫೋನಿನ ಒಳಗೆ ದಾರಿ ನೆನಪಿಟ್ಟುಕೊಳ್ಳುವ ವ್ಯವಸ್ಥೆಯನ್ನೆಲ್ಲ ಲಕ್ಷಿತ ಆರಿಸಿದ. ಫೋನು ಕೈಗೆ ಸಿಕ್ಕಿದರೂ ಅದರಲ್ಲಿ ಏನೂ ಇರಬಾರದು. ಮಾತಾಡಬೇಕಾದದ್ದು ಕಂಪನಿಯ ದಾಖಲೆ ಮಾತ್ರ.

ಬುಧವಾರ ಬೆಳಿಗ್ಗೆ ಅವನು ಕಚೇರಿಯ ಪುಸ್ತಕದಲ್ಲಿ "ಕಾರ್ಕಳ, ಕ್ಷೇತ್ರಕಾರ್ಯ" ಎಂದು ಬರೆದು ಸಹಿ ಹಾಕಿದ. ಫೋನನ್ನು ಸದ್ದಿಲ್ಲದಂತೆ ಮಾಡಿ, ಬಟ್ಟೆ ಸುತ್ತಿ, ಸಿಹಿತಿಂಡಿಯ ಡಬ್ಬದಲ್ಲಿಟ್ಟು ಅಂಟುಪಟ್ಟಿ ಹಚ್ಚಿದ. ಒಂಬತ್ತೂವರೆಗೆ ಉಡುಪಿ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತ್ತು, ಅರ್ಧ ತುಂಬಿತ್ತು. ರೊಸಾರಿಯೊ ಡಬ್ಬವನ್ನು ಡ್ರೈವರನ ಹಿಂದಿನ ಮೂಲೆಗೆ ತೂರಿಸಿ "ಆಯಿತು, ತಲುಪುತ್ತದೆ" ಎಂದ. ಸ್ಟ್ಯಾಂಡಿನಲ್ಲಿ ಒಂದು ನಿಮಿಷವೂ ಹೆಚ್ಚು ನಿಲ್ಲಬಾರದೆಂದು ಲಕ್ಷಿತ ಮೊದಲೇ ನಿಶ್ಚಯಿಸಿದ್ದ. ಗಲ್ಲಿಯಲ್ಲಿ ನಿಲ್ಲಿಸಿದ್ದ ಅಪ್ಪನ ಕಾಲದ ಹಳೆಯ ಸ್ಕೂಟರು ಹತ್ತಿ, ಹೆಲ್ಮೆಟ್ ಹಾಕಿ, ಮಲ್ಪೆ ಪಡುಕೆರೆಯ ಸಮುದ್ರದ ರಸ್ತೆ ಹಿಡಿದ. ಹೆದ್ದಾರಿಯಲ್ಲಿ ಮಾರಿಪೂಜೆಯ ಜನ. ಈ ರಸ್ತೆಯಲ್ಲಿ ಒಣಗಲು ಹಾಕಿದ ಮೀನು ಮಾತ್ರ. ಹನ್ನೊಂದೂವರೆ ದಾಟುವ ತನಕ ಅಲ್ಲೇ ಒಂದು ಮರದ ಮರೆಯಲ್ಲಿ ಕಾದ.

ಮಟ್ಟು ಅವನ ನಕ್ಷೆಯ ಹಾಗೆಯೇ ಇತ್ತು. ಮುಚ್ಚಿದ ಬಾಗಿಲುಗಳು, ಅಂಗಳದಲ್ಲಿ ನಾಯಿ, ಗುಳ್ಳ ಬದನೆಯ ಗದ್ದೆಯಲ್ಲಿ ಒಂದು ಹೆಣ್ಣಾಳೂ ಇಲ್ಲ. ಮಲ್ಪೆಯಿಂದ ಅವನ ಅಮ್ಮನೂ ನೆರೆಯವರ ಜೊತೆ ಕಾಪುವಿಗೆ ಹೋಗಿದ್ದರು. ಶೆಡ್ಡಿನಲ್ಲಿ ಹೊಸ ಬೋಟು ಬಿಳಿ ಬಣ್ಣ ಬಳಿದುಕೊಂಡು ನಿಂತಿತ್ತು. ನೋಡಿದರೆ ಚೆಂದವೇ ಇತ್ತು, ಅದನ್ನು ಅವನು ಒಪ್ಪಿಕೊಂಡ. ಅಪ್ಪ ಇದ್ದಿದ್ದರೆ ಅದರ ಮೈಮೇಲೆ ಕೈಯಾಡಿಸದೆ ಬಿಡುತ್ತಿರಲಿಲ್ಲ. ಮಲಕಪ್ಪ, ಯಂಕವ್ವ ಇಬ್ಬರ ಹೆಸರನ್ನೂ ಎರಡೆರಡು ಸಲ ಕೂಗಿ, ಯಾರೂ ಇಲ್ಲವೆಂದು ಗಟ್ಟಿಮಾಡಿಕೊಂಡ. ಆಮೇಲೆ ಟಾರ್ಪಾಲಿನ ಕೆಳಗೆ ಬಗ್ಗಿದ. ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ರಾಳಕ್ಕೆ ಬೆಂಕಿ ಹಿಡಿಯಿತು. ಅವನು ಓಡಲಿಲ್ಲ. "ಅಪ್ಪ, ನೋಡಿ" ಎಂದು ಒಂದು ಸಲ ಬಾಯಿಬಿಟ್ಟು ಹೇಳಿ ಸ್ಕೂಟರು ಹತ್ತಿದ.

ಕಟಪಾಡಿಯಲ್ಲಿ ಹೆದ್ದಾರಿ ದಾಟಲು ಐದು ನಿಮಿಷ ಕಾಯಬೇಕಾಯಿತು. ಕಾಪುವಿನ ಕಡೆ ಒಂದರ ಹಿಂದೆ ಒಂದು ಬಸ್ಸು, ಬಾಗಿಲಲ್ಲೂ ಜನ. ಐವತ್ತೈವತ್ತು ಚುಕ್ಕಿಗಳ ಗೊಂಚಲು ಎಂದು ಅವನು ಎಣಿಸಿದ, ಅಭ್ಯಾಸ ಬಿಡುವುದಿಲ್ಲ. ದಾಟಿದ ಮೇಲೆ ಶಿರ್ವ, ಬೆಳ್ಮಣ್ ಒಳದಾರಿಯಿಂದ ಮಧ್ಯಾಹ್ನ ಎರಡರ ಹೊತ್ತಿಗೆ ಕಾರ್ಕಳ ಸೇರಿದ. ಸ್ಕೂಟರನ್ನು ದೂರ ಬಿಟ್ಟು ಕೋರೆಯ ಮೇಲಿನ ಕಾಲನಿಯಿಂದ ನಡೆದು ಇಳಿದ.

"ಯಾವಾಗ ಬಂದ್ರಿ ಸರ್? ಹತ್ತು ಗಂಟೆಯಿಂದ ಮಿಸ್ಡ್ ಕಾಲ್ ಕೊಡ್ತಾನೇ ಇದೀನಿ, ಒಟ್ಟು ಹನ್ನೊಂದು ಕಾಲ್ ಆಯ್ತು," ಎಂದಳು ರಾಜಶ್ರೀ.

"ನೋಡಿದೆ. ಬೆಳಿಗ್ಗೆಯಿಂದ ಮೇಲಿನ ಕಾಲನಿಯಲ್ಲಿದ್ದೆ, ಬೀಗ ಹಾಕಿದ ಮನೆ ಎಣಿಸುತ್ತಾ." ಸಂಜೆ ಐದೂವರೆಗೆ ಬೀಡಾ ಅಂಗಡಿಯ ಹೆಂಗಸು ಡಬ್ಬವನ್ನು ಅವನ ಕೈಗೆ ಕೊಟ್ಟಳು. ಅಂಟುಪಟ್ಟಿ ಹಾಗೆಯೇ ಇತ್ತು. ಅವನು ಒಂದು ಮಾತೂ ಹೆಚ್ಚು ಆಡಲಿಲ್ಲ; ಹೆಚ್ಚು ಮಾತಾಡಿದವರನ್ನು ಜನ ನೆನಪಿಟ್ಟುಕೊಳ್ಳುತ್ತಾರೆ.

ಬೋಟು ಪೂರ್ತಿ ಹೋಗಿತ್ತು. ಬೂದಿಯ ಮುಂದೆ ಧರ್ಮಪಾಲ ನಿಂತ ಚಿತ್ರ ಎಲ್ಲರ ಮೊಬೈಲಿನಲ್ಲಿ ಬಂತು. ಲಕ್ಷಿತ ಅದನ್ನು ದೊಡ್ಡದು ಮಾಡಿ ಆ ಮುಖವನ್ನು ತುಂಬ ಹೊತ್ತು ನೋಡಿದ. ಆ ರಾತ್ರಿ ಅವನಿಗೆ ಒಳ್ಳೆಯ ನಿದ್ದೆ ಬಂತು. ಮರುದಿನ ಅಮ್ಮ ಫೋನು ಮಾಡಿದರು.

"ಮಲಕಪ್ಪ ಕುಡಿದು ಸ್ಟವ್ ಆರಿಸದೆ ಹೋದ ಅಂತ ಧರ್ಮಪಾಲ ಹೇಳಿದನಂತೆ ಮಗಾ. ಪೊಲೀಸರು ಕರೆದುಕೊಂಡು ಹೋಗಿದ್ದಾರೆ. ಅವನು ಕುಡಿಯುವವನೇ ಅಲ್ಲವಂತೆ. ಯಂಕವ್ವ ಠಾಣೆಯ ಮೆಟ್ಟಿಲಲ್ಲಿ ಕೂತಿದ್ದಾಳೆ, ಊಟ ಮಾಡಿಲ್ಲ." ಫೋನು ಇಡುವ ಮೊದಲು ಹೇಳಿದರು: "ನನಗೆ ನಿನ್ನ ಅಪ್ಪನ ನೆನಪಾಯಿತು."

ಲಕ್ಷಿತ ಧರ್ಮಪಾಲನ ಚಿತ್ರವನ್ನು ಮತ್ತೊಮ್ಮೆ ತೆರೆದ. ಅದೇ ಬಾಯಿ, ಅದೇ ಸುಳ್ಳು. ಆದರೆ ಈ ಸಲ ಸುಳ್ಳಿಗೆ ಸ್ಟವ್ ಜೋಡಿಸಿ ಕೊಟ್ಟವನು ತಾನು. ನಾಲ್ಕು ದಿನದಲ್ಲಿ ಬಿಡುತ್ತಾರೆ, ಬಿಡಲೇಬೇಕು ಎಂದು ತನಗೆ ತಾನೇ ಹೇಳಿಕೊಂಡ. ಬಿಡದಿದ್ದರೆ ಎಂಬುದನ್ನು ಯೋಚಿಸಲು ಹೋಗಲಿಲ್ಲ.

ವಾರ ಕಳೆದ ಮೇಲೆ ಎಸ್ಐ ಕುಶಲಾ ಅವನನ್ನು ಠಾಣೆಗೆ ಕರೆಸಿದರು. ಯಂಕವ್ವ ಇನ್ನೂ ಮೆಟ್ಟಿಲಲ್ಲೇ ಇದ್ದಳು. ಅವನನ್ನು ಕಂಡು, ಚಹಾ ಕುಡಿದು ಹೋದ ಸಾಹೇಬರೆಂದು ಗುರುತು ಹಿಡಿದು ಎದ್ದು ನಿಂತಳು. ಅವನು ಮುಖ ತಿರುಗಿಸಿ ಒಳಗೆ ನಡೆದ. ಕುಶಲಾ ಸಣ್ಣ ಸ್ವರದ ಹೆಂಗಸು, ಅವಸರವಿಲ್ಲದವರು. ಧರ್ಮಪಾಲನಿಗೆ ಆಗದವರ ಪಟ್ಟಿಯಲ್ಲಿ ಲಕ್ಷಿತನದೂ ಸೇರಿ ಹದಿನೇಳು ಹೆಸರಿತ್ತು. ಬುಧವಾರ ಎಲ್ಲಿದ್ದಿರಿ ಎಂದು ಕೇಳಿದರು. ಒಂಬತ್ತೂ ಐವತ್ತರ ಬಸ್ಸಿನಲ್ಲಿ ಕಾರ್ಕಳಕ್ಕೆ ಹೋದೆ, ಹನ್ನೊಂದಕ್ಕೆ ಇಳಿದೆ, ಸಂಜೆಯ ತನಕ ಕೋರೆಯಲ್ಲಿದ್ದೆ ಎಂದು ಅವನು ಹೇಳಿದ. ಅವರು ಬರೆದುಕೊಂಡರು. ಅವನು ಓದಿ, ಪ್ರತಿ ಪುಟಕ್ಕೂ ಸಹಿ ಹಾಕಿದ.

"ಇಷ್ಟು ಸಾಕು, ಹೋಗಿ," ಎಂದರು ಕುಶಲಾ.

ಅಲ್ಲಿಗೆ ಏಳಬಹುದಿತ್ತು. ಆದರೆ ಮೆಟ್ಟಿಲಲ್ಲಿ ಆ ಹೆಂಗಸು ನಿಂತಿದ್ದಳು, ಅವಳ ಮುಂದೆ ಹಾದುಹೋಗುವ ಮೊದಲು ತಾನು ಶುದ್ಧನೆಂದು ಕಾಗದದ ಮೇಲೆ ಆಗಿಬಿಡಲಿ ಎನಿಸಿತು. "ನನ್ನ ಮಾತು ನಂಬಬೇಡಿ ಮೇಡಂ. ಇದು ನನ್ನ ನಂಬರು, ಕಂಪನಿಯ ದಾಖಲೆ ತರಿಸಿ ನೋಡಿ. ಜನ ಸುಳ್ಳು ಹೇಳುತ್ತಾರೆ, ಫೋನು ಹೇಳುವುದಿಲ್ಲ."

ಕುಶಲಾ ಪೆನ್ನಿನ ಮುಚ್ಚಳ ತೆಗೆದರು. "ಹದಿನೇಳು ಜನರದ್ದೂ ತರಿಸುವ ಯೋಚನೆ ನನಗೆ ಇರಲಿಲ್ಲ. ನೀವೇ ಹೇಳುತ್ತೀರಲ್ಲ, ನಿಮ್ಮದೊಂದು ತರಿಸುತ್ತೇನೆ."

ಮೂರನೇ ದಿನ ಮತ್ತೆ ಕರೆ ಬಂತು. ಮೇಜಿನ ಮೇಲೆ ಒಂದು ಹಾಳೆ ಇತ್ತು. ರಾಜಶ್ರೀಯ ಹನ್ನೊಂದು ಮಿಸ್ಡ್ ಕಾಲ್, ಹನ್ನೊಂದು ಸಮಯ, ಪ್ರತಿಯೊಂದರ ಎದುರು ಒಂದು ಟವರಿನ ಹೆಸರು. ಅವನು ಕಾರ್ಕಳವನ್ನು ಹುಡುಕಿದ. ಉದ್ಯಾವರ. ಕಟಪಾಡಿ. ಕಾಪು. ಕಟಪಾಡಿ. ಉಡುಪಿ. ಮತ್ತೆ ಕಟಪಾಡಿ, ಅದು ಹನ್ನೆರಡು ಗಂಟೆ ಎಂಟು ನಿಮಿಷಕ್ಕೆ. ಕಂಪನಿಯವರು ಬೇರೆ ಯಾರದೋ ಹಾಳೆ ಕಳಿಸಿರಬೇಕೆಂದು ನಂಬರನ್ನು ಒಂದೊಂದೇ ಅಂಕಿಯಾಗಿ ಓದಿದ. ಅವನದೇ.

ಕುಶಲಾ ಸ್ವರ ಏರಿಸದೆ ಹೇಳಿದರು. ಮಾರಿಪೂಜೆಯ ಬುಧವಾರ ಒಂಬತ್ತು ಮುಕ್ಕಾಲಕ್ಕೆ ಬಸ್ಸಿನ ಧನಿಗಳ ಫೋನು ಬಂದು, ರೊಸಾರಿಯೊ ಬಸ್ಸಿನಲ್ಲಿದ್ದ ಜನರನ್ನೆಲ್ಲ ಕೆಳಗಿಳಿಸಿದ್ದ. ಆ ಬಸ್ಸು ಮೂರು ಗಂಟೆಯ ತನಕ ಉಡುಪಿಗೂ ಕಾಪುವಿಗೂ ಓಡಾಡಿತ್ತು, ಅದು ಕಾರ್ಕಳದ ಮುಖ ಕಂಡದ್ದು ಸಂಜೆಗೆ. ಅದೊಂದೇ ಅಲ್ಲ, ಜಿಲ್ಲೆಯ ಅರ್ಧ ಬಸ್ಸುಗಳನ್ನು ಆ ದಿನ ಬೇರೆ ರೂಟುಗಳಿಂದ ಕಿತ್ತು ಕಾಪುವಿಗೆ ಹಾಕುತ್ತಾರೆ, ಪ್ರತಿ ವರ್ಷ. ಸ್ಟ್ಯಾಂಡಿನಲ್ಲಿ ಹೂ ಮಾರುವವಳಿಗೂ ಅದು ಗೊತ್ತು. ಅಷ್ಟು ಜನ ಕಾಪುವಿಗೆ ಹೋಗುತ್ತಾರೆಂದು ನಾಲ್ಕು ವರ್ಷ ಎಣಿಸಿದವನು, ಅವರನ್ನು ಹೊತ್ತೊಯ್ಯುವ ಬಸ್ಸು ಎಲ್ಲಿಂದ ಬರುತ್ತದೆಂದು ಒಂದು ದಿನವೂ ಕೇಳಿರಲಿಲ್ಲ. ಫೋನಿನ ಜೊತೆ ತಾನಿದ್ದೆ ಎಂದರೆ ಬೆಂಕಿ ಬಿದ್ದ ಹೊತ್ತಿಗೆ ಮಟ್ಟುವಿನ ಮಗ್ಗುಲ ಕಟಪಾಡಿಯಲ್ಲಿದ್ದ ಹಾಗಾಯಿತು. ಇರಲಿಲ್ಲ ಎಂದರೆ ಫೋನು ಒಂದೇ ಏಕೆ ಪ್ರಯಾಣ ಹೋಯಿತೆಂದು ಹೇಳಬೇಕು. ಕುಶಲಾ ಅವನು ಸಹಿ ಹಾಕಿದ ಪುಟಗಳನ್ನು ಹಾಳೆಯ ಪಕ್ಕದಲ್ಲಿ ಇಟ್ಟರು. ಆಮೇಲೆ ಬಾಗಿಲ ಕಡೆ ತಿರುಗಿ, ಮಲಕಪ್ಪನನ್ನು ಬಿಟ್ಟುಬಿಡಿ, ಹೆಂಡತಿ ಹೊರಗೆ ಕಾಯುತ್ತಿದ್ದಾಳೆ ಎಂದರು.